ಬಲ್ಬಿಗೆ ಬಾರದ ಬೆಳಕು

ಸಂಜೆ ಏಳಾದರೆ ಸಾಕು, ಎಷ್ಟೋ ಮನೆಗಳಲ್ಲಿ ದೀಪ ಮಂಕಾಗುತ್ತದೆ. ಮಿಕ್ಸಿ ಹಾಕಿದರೆ ಇನ್ನಷ್ಟು ಕುಗ್ಗುತ್ತದೆ. ‘ವೋಲ್ಟೇಜ್ ಕಮ್ಮಿ, ಏನ್ ಮಾಡೋಕಾಗುತ್ತೆ’ ಎಂದು ಮನೆಮಂದಿ ಅದಕ್ಕೆ ಒಗ್ಗಿಹೋಗಿರುತ್ತಾರೆ. ಈ ಒಗ್ಗಿಹೋಗುವುದನ್ನು ಕಂಡರೆ ನನಗೆ ಆತಂಕವಾಗುತ್ತದೆ. ಕರೆಂಟು ಹೋದ ಕೂಡಲೇ ಫೋನ್ ಮಾಡುವ ನಾವು ಮಂಕು ದೀಪವನ್ನು ವರ್ಷಗಟ್ಟಲೆ ಸಹಿಸಿಕೊಳ್ಳುತ್ತೇವೆ. ಪೂರ್ತಿ ಹೋದ ಕರೆಂಟು ಮನೆಯನ್ನು ಸುಡುವುದಿಲ್ಲ. ಅರೆಬರೆ ಬರುವ ಕರೆಂಟು ಸುಡಬಲ್ಲದು.

ಕಾರಣ ಹುಡುಕಲು ಮೊದಲಿಗೆ ಟೆಸ್ಟರ್ ಕೂಡ ಬೇಡ. ಹೊಸ್ತಿಲು ದಾಟಿ ಅಕ್ಕಪಕ್ಕದ ಮನೆ ನೋಡಿ. ಇಡೀ ಬೀದಿ ಮಂಕಾಗಿದ್ದರೆ ತೊಂದರೆ ಟೀಸಿಯದು, ಅಂದರೆ ಬೀದಿಯ ಟ್ರಾನ್ಸ್‌ಫಾರ್ಮರಿನದು, ಇಲ್ಲವೇ ಲೈನಿನದು. ಹಳ್ಳಿಗಳಲ್ಲಿ ಟೀಸಿಯಿಂದ ದೂರ, ಲೈನಿನ ಕೊನೆಗಿರುವ ಮನೆಗಳಿಗೆ ಈ ಕಷ್ಟ ಹೆಚ್ಚು. ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಒಂದೇ ಬಲ್ಬಿಗೆಂದು ಸಂಪರ್ಕ ಪಡೆದ ಮನೆಗಳಿಗೆ ಈಗ ಫ್ಯಾನು, ಟಿವಿ, ಮಿಕ್ಸಿ ಬಂದಿವೆ, ಬರಲೇಬೇಕು. ಆದರೆ ಎಷ್ಟೋ ಕಡೆ ಕಂಬದಿಂದ ಇಳಿಯುವ ತಂತಿ ಮಾತ್ರ ಅಂದಿನ ತೆಳು ತಂತಿಯೇ. 230 ವೋಲ್ಟಿನಲ್ಲಿ ಹತ್ತನೇ ಒಂದು ಪಾಲು ಇಳಿದರೆ ಹಳೆಯ ಬುರುಡೆ ಬಲ್ಬಿನ ಬೆಳಕು ಹತ್ತಿರ ಹತ್ತಿರ ಮೂರನೇ ಒಂದು ಪಾಲು ಇಳಿದುಬಿಡುತ್ತದೆ.

ಬೀದಿಯೆಲ್ಲ ಬೆಳಗುತ್ತಿದ್ದು ನಿಮ್ಮ ಮನೆ ಮಾತ್ರ ಮಂಕಾಗಿದೆಯೇ? ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಬಲ್ಬಿಗೆ ಬಾರದ ಆ ಕರೆಂಟು ಎಲ್ಲಿ ಕಳೆದುಹೋಗುತ್ತಿದೆ? ಬಹಳ ಸಲ ಅದು ಸಡಿಲಾದ ಒಂದು ಜಾಯಿಂಟಿನಲ್ಲಿ ಶಾಖವಾಗಿ ಕಳೆದುಹೋಗುತ್ತಿರುತ್ತದೆ. 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿದಾಗ ತಂತಿಯಲ್ಲಿ ನಾಲ್ಕು ಆಂಪಿಯರ್‌ ಹರಿಯುತ್ತದೆ. ಆ ಜಾಯಿಂಟಿನಲ್ಲಿ 20 ವೋಲ್ಟ್ ನಷ್ಟವಾದರೆ ಅಲ್ಲಿ ಹುಟ್ಟುವ ಶಾಖ 80 ವ್ಯಾಟ್. ಉರಿಯುತ್ತಿರುವ 60 ವ್ಯಾಟಿನ ಬಲ್ಬಿಗೆ ಕೈ ತಾಗಿಸಿ ಎಳೆದುಕೊಂಡವರಿಗೆ ಆ ಬಿಸಿ ಎಷ್ಟೆಂದು ಗೊತ್ತು. ಅದಕ್ಕಿಂತ ಹೆಚ್ಚಿನ ಬಿಸಿ ಗೋಡೆಯೊಳಗೆ, ಬೆರಳಿನ ಉಗುರಿನಷ್ಟು ಜಾಗದಲ್ಲಿ!

ಮೀಟರ್ ಬೋರ್ಡನ್ನು ಎಲೆಕ್ಟ್ರಿಷಿಯನ್ ಬಿಚ್ಚಿದಾಗ ಪಕ್ಕದಲ್ಲಿ ನಿಂತು ನೋಡಿ. ಹೊರಗಿನ ಅಲ್ಯೂಮಿನಿಯಂ ತಂತಿಗೆ ಒಳಗಿನ ತಾಮ್ರದ ತಂತಿಯನ್ನು ಬರೀ ಸುತ್ತಿ, ಮೇಲೆ ಕಪ್ಪು ಟೇಪ್ ಹಚ್ಚಿರುತ್ತಾರೆ. ಟೇಪ್ ಬಿಡಿಸಿದರೆ ಒಳಗೆ ಬಿಳಿ ಪುಡಿ, ಕಂದಿದ ತಂತಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಸ್ಕ್ರೂ ತಿರುಗಿಸಿದರೆ ಸಲೀಸಾಗಿ ತಿರುಗುತ್ತದೆ. ಈ ಎರಡು ಲೋಹಗಳನ್ನು ಸೇರಿಸಲು ಬೇರೆಯೇ ಕನೆಕ್ಟರ್ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ವೋಲ್ಟೇಜ್ ಅಳೆಯುವಾಗ ಗೀಸರ್ ಅಥವಾ ಇಸ್ತ್ರಿ ಪೆಟ್ಟಿಗೆ ಹಾಕಿಸಿಯೇ ಅಳೆಸಿ. ಲೋಡ್ ಇಲ್ಲದಾಗ ಸಡಿಲು ಜಾಯಿಂಟ್ ಕೂಡ ಮೀಟರಿನಲ್ಲಿ 230 ತೋರಿಸುತ್ತದೆ.

ಈಗ ಮನೆತುಂಬ ಎಲ್‌ಇಡಿ ಬಂದಿರುವುದರಿಂದ ದೀಪ ಮಂಕಾಗುವ ಈ ಸೂಚನೆಯೇ ಮರೆಯಾಗುತ್ತಿದೆ. ಒಳ್ಳೆಯ ಎಲ್‌ಇಡಿ ಬಲ್ಬು ವೋಲ್ಟೇಜ್ ಇಳಿದರೂ ಬೆಳಕು ಇಳಿಸುವುದಿಲ್ಲ. ಹಾಗಾಗಿ ಫ್ಯಾನ್ ಕಡೆ ಗಮನವಿರಲಿ, ಅದು ನಿಧಾನವಾದರೆ ಮೋಸವಿಲ್ಲದೆ ತಿಳಿಯುತ್ತದೆ. ಒಂದೇ ಒಂದು ಎಲ್‌ಇಡಿ ಮಂಕಾಗಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ, ಅಷ್ಟೆ. ಮುಚ್ಚಿದ ಗಾಜಿನ ಗೂಡಿನಲ್ಲಿಟ್ಟ ಎಲ್‌ಇಡಿ ಬಿಸಿಗೆ ಬೇಗ ಹಾಳಾಗುತ್ತದೆ.

ಒಂದು ಲಕ್ಷಣ ಕಂಡರೆ ಮಾತ್ರ ಯೋಚಿಸುತ್ತ ನಿಲ್ಲಬೇಡಿ. ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದು ಕೋಣೆಯದು ಕಣ್ಣು ಕುಕ್ಕುವಂತೆ ಉರಿದರೆ, ಅಥವಾ ನಿಮ್ಮ ಮನೆ ಮಂಕಾಗಿ ಎದುರು ಮನೆ ಝಗಝಗಿಸಿದರೆ, ನ್ಯೂಟ್ರಲ್ ಕಿತ್ತಿರಬಹುದು. ಆಗ 230ರ ಜಾಗದಲ್ಲಿ 400ರ ಹತ್ತಿರ ವೋಲ್ಟ್ ನುಗ್ಗಬಹುದು, ಫ್ರಿಜ್ಜು, ಟಿವಿ ನಿಮಿಷಗಳಲ್ಲಿ ಸುಟ್ಟುಹೋಗುತ್ತವೆ. ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ, ಎದುರು ಮನೆಯವರಿಗೂ ಕೂಗಿ ಹೇಳಿ.

ಮಂಕು ಬೆಳಕಿನ ಕಷ್ಟ ಮನೆಯಲ್ಲಿ ಎಲ್ಲರಿಗೂ ಸಮನಾಗಿಲ್ಲ. 60 ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು 20ರ ಹರೆಯದವರಿಗೆ ತಲುಪುವುದರ ಮೂರನೇ ಒಂದು ಪಾಲಿನಷ್ಟು. ನಮಗೆ ‘ಹೇಗೋ ಕಾಣುತ್ತಲ್ಲ’ ಎನಿಸುವ ಅಡುಗೆಮನೆಯಲ್ಲಿ ಅಜ್ಜಿಗೆ ಅಕ್ಕಿಯ ಕಲ್ಲು ಕಾಣುವುದಿಲ್ಲ. ಬಿಪಿ ಮಾತ್ರೆ ಯಾವುದು, ಸಕ್ಕರೆ ಕಾಯಿಲೆಯದು ಯಾವುದು ಎಂದು ತಾತ ಪಟ್ಟಿ ತಿರುಗಿಸುತ್ತಾ ಕೂರುತ್ತಾರೆ. ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬೀಳುವವರೂ ಅವರೇ. ಹಾಲ್‌ಗೆ ನಾಲ್ಕು ದೀಪ ಹಾಕಿಸುವವರು ಅಡುಗೆಮನೆಗೆ, ಬಚ್ಚಲಿಗೆ ಒಂದು ಸಣ್ಣ ಬಲ್ಬಿನಲ್ಲಿ ಮುಗಿಸುವುದು ನನಗೆ ಸರಿ ಕಾಣುವುದಿಲ್ಲ.

ಆದ್ದರಿಂದ ಈ ವಾರವೇ ಗೊತ್ತಿರುವ ಎಲೆಕ್ಟ್ರಿಷಿಯನ್‌ ಕರೆಸಿ ಬೋರ್ಡಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿಸಿ. ನೀವೇ ಕೈ ಹಾಕಬೇಡಿ, ಮೀಟರಿನ ಸೀಲ್ ಯಾರೂ ಮುಟ್ಟಬಾರದು. ಮೀಟರಿನಿಂದ ಆಚೆಗಿನ ತೊಂದರೆಯಾದರೆ ವಿದ್ಯುತ್ ಕಂಪನಿಯ ದೂರಿನ ನಂಬರು 1912ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕದವರಿಂದಲೂ ಫೋನ್ ಮಾಡಿಸಿ.