ಕೇಳಿದ ಮಾತೂ ನ್ಯಾಸವೇ



ಅಷ್ಟಮೀ ಚತುರ್ದಶಿಗಳಂದು ಆಹಾರವನ್ನು ತ್ಯಜಿಸಿ ಉಪವಾಸ ಮಾಡುವ ಶ್ರಾವಕ ಶ್ರಾವಿಕೆಯರು ನಮ್ಮಲ್ಲಿ ಅನೇಕರುಂಟು. ಆದರೆ ಅದೇ ದಿನ ಪರರ ಮನೆಯ ಗುಟ್ಟನ್ನು ಸವಿಯುವುದನ್ನೂ ತ್ಯಜಿಸಿದವರು ಎಷ್ಟು ಮಂದಿ? ನಾಲಗೆಗೆ ರುಚಿ ನೋಡುವುದು, ಮಾತನಾಡುವುದು ಎಂದು ಎರಡು ಕೆಲಸಗಳು. ಒಂದನ್ನು ಬಿಗಿಹಿಡಿದು ಇನ್ನೊಂದನ್ನು ಸ್ವೇಚ್ಛೆಯಾಗಿ ಬಿಟ್ಟರೆ ಉಪವಾಸವು ಅರ್ಧವೇ ಆಯಿತು.

ಅನ್ಯರ ಮನೆಯೊಳಗೆ ದುಡಿದು ಜೀವಿಸುವವರಿಗೆ ಈ ವಿಚಾರವು ವಿಶೇಷವಾಗಿ ಅನ್ವಯಿಸುತ್ತದೆ. ಅಡುಗೆಯವರು, ಬಾಣಂತಿಯ ಆರೈಕೆ ಮಾಡುವವರು, ರೋಗಿಗಳ ಶುಶ್ರೂಷೆಗೆ ಬರುವ ದಾದಿಯರು, ವಾಹನದ ಚಾಲಕರು, ಮನೆಪಾಠ ಹೇಳುವ ಉಪಾಧ್ಯಾಯರು, ಮನೆತನದ ಲೆಕ್ಕ ಬರೆಯುವ ಗುಮಾಸ್ತರು, ಇವರಿಗೆಲ್ಲ ಹತ್ತಿರದ ಬಂಧುಗಳಿಗೂ ತಿಳಿಯದ ಸಂಗತಿಗಳು ತಿಳಿಯುತ್ತವೆ. ಅಡವಿಟ್ಟ ಒಡವೆ, ಮುಚ್ಚಿಟ್ಟ ಕಾಯಿಲೆ, ಗಂಡಹೆಂಡಿರ ಮನಸ್ತಾಪ, ಹಾಸಿಗೆ ಹಿಡಿದ ಹಿರಿಯರ ಅಸಹಾಯಕತೆ ಇವನ್ನು ಯಾರೂ ಅವರಿಗೆ ಹೇಳಬೇಕಾಗಿಲ್ಲ. ತಾವಾಗಿಯೇ ಕಣ್ಣಿಗೆ ಬೀಳುತ್ತವೆ.

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ 5 ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸ್ತ್ರೀಪುರುಷರು ಏಕಾಂತದಲ್ಲಿ ನಡೆಸಿದುದನ್ನು ಬಯಲಿಗೆ ತರುವುದೇ ರಹೋಭ್ಯಾಖ್ಯಾನವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಮುಖಭಾವದಿಂದಲೋ ಹುಬ್ಬಿನ ಚಲನೆಯಿಂದಲೋ ಅನ್ಯರ ಅಂತರಂಗವನ್ನು ಅರಿತು ಅಸೂಯೆಯಿಂದ ಪ್ರಕಟಿಸುವುದು ಸಾಕಾರಮಂತ್ರಭೇದ. ಈ ಎರಡರಲ್ಲಿಯೂ ಆಡಿದ ಮಾತು ನಿಜವೇ ಆಗಿರಬಹುದೆಂಬುದನ್ನು ಗಮನಿಸಬೇಕು. ಆದುದರಿಂದ “ನಾನೇನು ಸುಳ್ಳಾಡಲಿಲ್ಲ, ಇದ್ದದ್ದನ್ನೇ ಹೇಳಿದೆ” ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ. ಅನ್ಯರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದೆಂಬುದೇ ಸಮಂತಭದ್ರಾಚಾರ್ಯರ ಅಭಿಮತ.

ನ್ಯಾಸವೆಂದರೆ ನಂಬಿ ಇಟ್ಟ ಒತ್ತೆಯ ವಸ್ತು. ರತ್ನಕರಂಡಕ ಶ್ರಾವಕಾಚಾರವು ಅಸತ್ಯಕ್ಕೆ ದೃಷ್ಟಾಂತವಾಗಿ ಹೆಸರಿಸುವ ಸತ್ಯಘೋಷನು, ವರ್ತಕನೊಬ್ಬನು ತನ್ನಲ್ಲಿ ನಂಬಿ ಇಟ್ಟ ರತ್ನಗಳನ್ನು ಇಲ್ಲವೆಂದು ನುಂಗಿಹಾಕಿದನು. ಮನೆಯೊಳಗೆ ಕೇಳಿದ ಮಾತೂ ಅಂತಹ ನ್ಯಾಸವೇ. ಅದು ಕೇಳಿದವರ ಸ್ವತ್ತಲ್ಲ. ಒಡೆಯನ ಅಪ್ಪಣೆಯಿಲ್ಲದೆ ಅದನ್ನು ವ್ಯಯಿಸುವ ಹಕ್ಕು ಅವರಿಗಿಲ್ಲ. ಸತ್ಯಘೋಷನು ಅಪಹರಿಸಿದ ರತ್ನಗಳಾದರೋ ಕೊನೆಗೆ ವರ್ತಕನಿಗೆ ಮರಳಿ ದೊರೆತವು. ಹೊರಬಿದ್ದ ಗುಟ್ಟು ಮರಳಿ ಬಾರದು. ಅದರಿಂದ ಮುರಿದ ಕನ್ಯೆಯ ನಿಶ್ಚಯವನ್ನು ಯಾವ ಕ್ಷಮೆಯೂ ಕೂಡಿಸಲಾರದು. ಮೊಬೈಲಿನಲ್ಲಿ ರೋಗಿಯ ಚಿತ್ರವನ್ನು ತೆಗೆದು ನಾಲ್ವರಿಗೆ ಕಳುಹಿಸುವ ಈ ಕಾಲದಲ್ಲಂತೂ ಕೈಬೆರಳಿಗೂ ವಚನಗುಪ್ತಿ ಬೇಕಾಗಿದೆ.

ಗುಟ್ಟು ಹೊರಬೀಳುವುದೇಕೆ? ಸತ್ಯವ್ರತದ ಭಾವನೆಗಳಲ್ಲಿಯೇ ಇದಕ್ಕೆ ಉತ್ತರವುಂಟು. ಕ್ರೋಧ, ಲೋಭ, ಭಯ, ಹಾಸ್ಯಗಳನ್ನು ಬಿಡಬೇಕು, ವಿಚಾರಿಸಿ ನುಡಿಯಬೇಕು ಎಂದು ಸೂತ್ರಕಾರರು ವಿಧಿಸಿದ್ದಾರೆ. ಕೆಲಸದಿಂದ ತೆಗೆಯಲ್ಪಟ್ಟವನು ಕ್ರೋಧದಿಂದ ಹೇಳುತ್ತಾನೆ. ಹತ್ತು ರೂಪಾಯಿ ಹೆಚ್ಚು ದೊರೆಯಲೆಂದು ಮತ್ತೊಬ್ಬನು ಹೇಳುತ್ತಾನೆ. ಗದರಿಸಿದರೆ ಭಯದಿಂದ ಮಗದೊಬ್ಬನು. ಎಲ್ಲರಿಗಿಂತ ಹೆಚ್ಚು ಮಂದಿ ಹೇಳುವುದು ನಗೆಗಾಗಿ, ಹೊತ್ತು ಕಳೆಯುವುದಕ್ಕಾಗಿ.

ಆದರೆ ದೋಷವನ್ನೆಲ್ಲ ಸೇವಕರ ತಲೆಗೆ ಕಟ್ಟುವುದು ನ್ಯಾಯವಲ್ಲ. “ಆ ಮನೆಯಲ್ಲಿ ಏನಮ್ಮ ಗಲಾಟೆ?” ಎಂದು ಪಾತ್ರೆ ತೊಳೆಯುವವಳನ್ನು ಕೇಳುವವರು ಯಾರು? ಹೊಟ್ಟೆಪಾಡಿಗೆ ಬಂದವಳು ಒಡತಿಯ ಪ್ರಶ್ನೆಗೆ ಉತ್ತರಿಸದಿರುವುದು ಕಷ್ಟ. ಕೃತ, ಕಾರಿತ, ಅನುಮೋದನ ಈ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುತ್ತದೆ. ಹೇಳಿದವಳದು ಕೃತ, ಹೇಳಿಸಿದವರದು ಕಾರಿತ, ಕೇಳಿ ನಕ್ಕವರದು ಅನುಮೋದನ. ಹಾಗೆಯೇ, ಮುಂಗಡ ಕೇಳುವಾಗ ಅವಳು ಕಣ್ಣೀರಿಟ್ಟು ಹೇಳಿದ ಗಂಡನ ಕುಡಿತವನ್ನು ಅತಿಥಿಗಳ ಮುಂದೆ ವರ್ಣಿಸುವ ಯಜಮಾನನೂ ನ್ಯಾಸವನ್ನು ಅಪಹರಿಸಿದವನೇ. ಬಡವರಿಗೂ ಏಕಾಂತವುಂಟು, ಮಾನವುಂಟು.

ಹಾಗಾದರೆ ಕಂಡುದೆಲ್ಲವನ್ನೂ ಮುಚ್ಚಿಡಬೇಕೇ? ಅಲ್ಲ. ಅಸತ್ಯಾದಿ ಪಾಪಗಳೆಲ್ಲವೂ ಹಿಂಸೆಯ ರೂಪಗಳೇ ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಸತ್ಯವ್ರತವು ಅಹಿಂಸೆಯೆಂಬ ಬೆಳೆಗೆ ಬೇಲಿ. ಬೇಲಿಯೇ ಬೆಳೆಯನ್ನು ಮೇಯಬಾರದು. ಮನೆಯೊಳಗೆ ಮಗುವನ್ನು ಹಿಂಸಿಸುತ್ತಿದ್ದರೆ, ವೃದ್ಧರಿಗೆ ಅನ್ನವನ್ನೋ ಔಷಧವನ್ನೋ ನಿಲ್ಲಿಸಿದ್ದರೆ, ಅಲ್ಲಿ ಮೌನವು ವ್ರತವಲ್ಲ, ಹಿಂಸೆಯ ಅನುಮೋದನೆ. ರಕ್ಷಿಸಬಲ್ಲವರಿಗೆ, ಅವರು ವೈದ್ಯರಾಗಲಿ, ಹೊಣೆಯುಳ್ಳ ಬಂಧುಗಳಾಗಲಿ, ಪೊಲೀಸರಾಗಲಿ, ಕೂಡಲೇ ತಿಳಿಸಬೇಕು. ಆದರೆ ಅದನ್ನೇ ಬೀದಿಯಲ್ಲಿ ಕಥೆಯಾಗಿಸಬಾರದು. ಯಾರಿಗೆ ಹೇಳುತ್ತೇನೆ, ಯಾರ ಹಿತಕ್ಕಾಗಿ ಹೇಳುತ್ತೇನೆ ಎಂಬ ಎರಡು ಪ್ರಶ್ನೆಗಳೇ ಇಲ್ಲಿ ಒರೆಗಲ್ಲು.

ಆದುದರಿಂದ ಭವ್ಯರೇ, ಬರುವ ಚತುರ್ದಶಿಯಂದು ಪ್ರೋಷಧೋಪವಾಸದ ಸಂಕಲ್ಪ ಮಾಡುವಾಗ ಇನ್ನೆರಡು ನಿಯಮಗಳನ್ನು ಸೇರಿಸಿಕೊಳ್ಳಿರಿ: ಪರರ ಮನೆಯಲ್ಲಿ ಕಂಡುದನ್ನು ಆಡುವುದಿಲ್ಲ, ನಮ್ಮ ಮನೆಗೆ ದುಡಿಯಲು ಬಂದವರಿಂದ ಪರರ ಸುದ್ದಿಯನ್ನು ಕೇಳುವುದಿಲ್ಲ. ಒಂದು ದಿನ ನಡೆದದ್ದು ಒಂದು ಪಕ್ಷ ನಡೆದೀತು. ಪಕ್ಷ ನಡೆದದ್ದು ಬಾಳೆಲ್ಲ ನಡೆದೀತು. ಆಗ ನಮ್ಮ ಉಪವಾಸವು ಪೂರ್ಣವಾಗುವುದು.