ಜಟಾಯುವಿನ ಕುಲವನ್ನು ಕಾಯೋ, ರಾಮಾ

ರಾಮಾ, ಇವತ್ತು ಒಂದು ಹಕ್ಕಿಯ ಪರವಾಗಿ ಬೇಡಲು ಬಂದಿದ್ದೇನೆ. ಅದಕ್ಕೆ ನವಿಲಿನ ಗರಿಯಿಲ್ಲ, ಕೋಗಿಲೆಯ ಕೊರಳಿಲ್ಲ. ತಲೆ ಬೋಳು, ಕತ್ತು ಬೋಳು, ಊಟವೆಂದರೆ ಸತ್ತ ದನ. ಮನೆಯ ಮೇಲೆ ಕೂತರೆ ಜನ ಅಪಶಕುನವೆಂದು ಹೆದರುತ್ತಾರೆ, ಶಾಂತಿ ಮಾಡಿಸುತ್ತಾರೆ. ಆ ರಣಹದ್ದಿನ ಕಷ್ಟವನ್ನು ಯಾರ ಮುಂದೆ ಹೇಳಲಿ? ಅದರ ಕುಲದ ಹಿರಿಯನನ್ನು ಅಪ್ಪಿಕೊಂಡು ಅತ್ತವನು ನೀನು. ಅದಕ್ಕೇ ನಿನ್ನ ಬಾಗಿಲಿಗೆ ಬಂದೆ. ಕೇಳು, ತಂದೆ.

ನಿನಗೆ ಎಲ್ಲ ನೆನಪಿದೆ. ಮುದುಕ ಜಟಾಯು ಮರದ ಮೇಲೆ ನಿದ್ದೆ ಹೋಗಿದ್ದ. ಸೀತಮ್ಮನ ಕೂಗು ಕೇಳಿ ಎಚ್ಚರಗೊಂಡ. ಮೊದಲು ರಾವಣನಿಗೆ ಬುದ್ಧಿಮಾತು ಹೇಳಿದ. ನನಗೆ 60,000 ವರ್ಷ ಕಳೆಯಿತು, ನೀನು ಹರೆಯದವನು, ನಿನಗೆ ರಥವಿದೆ, ಬಿಲ್ಲಿದೆ, ಕವಚವಿದೆ. ಆದರೂ ನಾನಿರುವಾಗ ಇವಳನ್ನು ಒಯ್ಯಲು ಬಿಡಲಾರೆ ಎಂದ. ಗೆಲ್ಲುತ್ತೇನೆಯೇ ಎಂದು ಲೆಕ್ಕ ಹಾಕಲಿಲ್ಲ. ಕೊಕ್ಕು, ಉಗುರು, ರೆಕ್ಕೆ ಇಷ್ಟನ್ನೇ ನಂಬಿ ಅಡ್ಡ ನಿಂತ. ಬಿಲ್ಲು ಮುರಿದ, ರಥ ಮುರಿದ. ಕೊನೆಗೆ ಕತ್ತಿಯ ಏಟಿಗೆ ರೆಕ್ಕೆಗಳನ್ನೂ ಕಾಲುಗಳನ್ನೂ ಕಳೆದುಕೊಂಡು ನೆಲಕ್ಕೆ ಬಿದ್ದ.

ಆಮೇಲೆ ನಡೆದದ್ದನ್ನು ಹೇಳಲು ನಾಲಗೆ ಹಿಂಜರಿಯುತ್ತದೆ, ಸ್ವಾಮಿ. ಆದರೆ ವಾಲ್ಮೀಕಿ ಅದನ್ನು ಮುಚ್ಚಿಡಲಿಲ್ಲ. ಸೀತೆಯನ್ನು ಹುಡುಕುತ್ತಾ ಬಂದ ನಿನಗೆ ರಕ್ತದಲ್ಲಿ ತೊಯ್ದ ಆ ಹಕ್ಕಿ ಕಂಡಿತು. ಹದ್ದಿನ ವೇಷದ ರಾಕ್ಷಸ ಇವನು, ಇವನೇ ಸೀತೆಯನ್ನು ತಿಂದಿದ್ದಾನೆ ಎಂದುಕೊಂಡೆ. ಬಿಲ್ಲಿಗೆ ಬಾಣ ಹೂಡಿದೆ. ಅವನು ರಕ್ತ ಕಾರುತ್ತಲೇ ನಿನಗೆ ಸೀತೆಯ ಸುದ್ದಿ ಹೇಳಿದ. ನೀನು ಬಿಲ್ಲನ್ನು ಬಿಸುಟು ಅವನನ್ನು ತಬ್ಬಿಕೊಂಡೆ.

ನಿನ್ನ ಕಣ್ಣೇ ಒಂದು ಗಳಿಗೆ ಮೋಸಹೋಯಿತು ಎಂದ ಮೇಲೆ ನಮ್ಮ ಕಣ್ಣಿನ ಪಾಡೇನು, ಪ್ರಭು? ಕೊಕ್ಕಿನ ಮೇಲೆ ರಕ್ತ ಕಂಡರೆ ಸಾಕು, ಕೊಂದವನು ಇವನೇ ಎನ್ನುತ್ತೇವೆ. ಕಾದವನು ಇವನಿರಬಹುದು ಎಂದು ಹೊಳೆಯುವುದಿಲ್ಲ. ಎರಡನೇ ಸಲ ನೋಡುವ ತಾಳ್ಮೆಯನ್ನು ನಮಗೂ ಕೊಡು.

ಲಕ್ಷ್ಮಣನಿಂದ ಕಟ್ಟಿಗೆ ತರಿಸಿದೆ. ಚಿತೆಗೆ ನೀನೇ ಬೆಂಕಿ ಇಟ್ಟೆ. ಗೋದಾವರಿಯಲ್ಲಿ ಮಿಂದು ಅವನಿಗೆ ತರ್ಪಣ ಬಿಟ್ಟೆ. ಇದನ್ನು ನೆನೆದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅಯೋಧ್ಯೆಯಲ್ಲಿ ನಿನ್ನ ತಂದೆಯ ದೇಹಕ್ಕೆ ಭರತ ಸಂಸ್ಕಾರ ಮಾಡಿದ. ನೀನು ಕಾಡಿನಲ್ಲಿದ್ದೆ. ಹೆತ್ತ ತಂದೆಗೆ ಇಡಲಾಗದ ಬೆಂಕಿಯನ್ನು ತಂದೆಯ ಗೆಳೆಯನಾದ ಹದ್ದಿಗೆ ಇಟ್ಟೆ. ಸೋತು ಬಿದ್ದ ಹಕ್ಕಿಗೆ ಮಗನಾದೆ. ಸೋತವರಿಗೂ ನಿನ್ನಲ್ಲಿ ಜಾಗವಿದೆ ಎಂದು ತೋರಿಸಿಕೊಟ್ಟೆಯಲ್ಲ, ಅದಕ್ಕೆ ನನ್ನ ನಮಸ್ಕಾರ.

ಈ ಹಕ್ಕಿಯನ್ನು ಪೂಜ್ಯವೆಂದು ಕಂಡವರು ಬೇರೆಯವರೂ ಇದ್ದಾರೆ. ಹಳೆಯ ಈಜಿಪ್ಟಿನವರು ನೆಖ್ಬೆತ್ ಎಂಬ ದೇವಿಯನ್ನು ರಣಹದ್ದಿನ ರೂಪದಲ್ಲಿ ಕಂಡರು. ರಾಜನ ನೆತ್ತಿಯ ಮೇಲೆ ರೆಕ್ಕೆ ಹರಡಿ ಕಾಯುವ ತಾಯಿ ಅವಳು. ಟಿಬೆಟ್ಟಿನವರೂ ಪಾರ್ಸಿಗಳೂ ತಮ್ಮವರ ದೇಹವನ್ನು ಇದೇ ಹಕ್ಕಿಗೆ ಒಪ್ಪಿಸಿದರು. ಬೆಂಕಿ, ಮಣ್ಣು, ನೀರು ಮೈಲಿಗೆಯಾಗಬಾರದು ಎಂಬುದು ಪಾರ್ಸಿಗಳ ನಂಬಿಕೆ. ನಮ್ಮ ಕಥೆಯಲ್ಲೂ ರೆಕ್ಕೆಯ ನೆರಳಿದೆ. ಸೂರ್ಯನ ಬಳಿಗೆ ಹಾರಿದ ತಮ್ಮ ಜಟಾಯು ಬಳಲಿದಾಗ ಅಣ್ಣ ಸಂಪಾತಿ ತನ್ನ ರೆಕ್ಕೆ ಮುಚ್ಚಿ ಕಾದ. ತಾನು ಸುಟ್ಟುಕೊಂಡ. ಕಾಯುವುದು ಈ ಕುಲದ ಧರ್ಮವೇ ಇರಬೇಕು.

ನಮ್ಮ ರಾಮನಗರದಲ್ಲಿ ನಿನ್ನ ಹೆಸರಿನ ಬೆಟ್ಟವಿದೆ. ಅಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಬಾಳುತ್ತವೆ. ಕಡಿದಾದ ಬಂಡೆಯ ಬಿರುಕಿನಲ್ಲಿ ಕಡ್ಡಿ ಸೇರಿಸಿ ಗೂಡು ಮಾಡುತ್ತವೆ. ಗೂಡಿನ ಕೆಳಗೆ ಹಿಕ್ಕೆ ಸುಣ್ಣ ಸುರಿದಂತೆ ಬಂಡೆಯುದ್ದಕ್ಕೂ ಇಳಿದಿರುತ್ತದೆ. ವರ್ಷಕ್ಕೆ ಒಂದೇ ಮೊಟ್ಟೆ. ತಂದೆ ತಾಯಿ ಇಬ್ಬರೂ ಸರದಿಯ ಮೇಲೆ ಕಾವು ಕೊಡುತ್ತವೆ. ಬಿಸಿಲೇರಿ ಗಾಳಿ ಮೇಲೆದ್ದಾಗ ರೆಕ್ಕೆ ಬಡಿಯದೆ ಸುತ್ತುತ್ತಾ ಸುತ್ತುತ್ತಾ ಮೇಲೇರುತ್ತವೆ. 2012ರಲ್ಲಿ ಸರ್ಕಾರ ಆ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ದೇಶದಲ್ಲೇ ಅದು ಮೊದಲನೆಯದು. ಸುಮಾರು 346 ಹೆಕ್ಟೇರ್ ಜಾಗ. ಆ ಕೃಪೆಗೆ ಕೈಮುಗಿಯುತ್ತೇನೆ. ಆದರೆ ಅಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು, ರಾಮಾ.

ಏನಾಯಿತು ಎಂಬುದು ನಿನಗೆ ಗೊತ್ತು. ಆದರೂ ಬಾಯಿಬಿಟ್ಟು ಹೇಳಿಕೊಳ್ಳಬೇಕು. ದನಕ್ಕೆ ಜ್ವರ ಬಂದರೆ, ಬಾವು ಬಂದರೆ ಡೈಕ್ಲೋಫೆನಾಕ್ ಎಂಬ ಔಷಧಿ ಚುಚ್ಚಿಸುತ್ತಿದ್ದೆವು. ದನದ ನೋವು ಇಳಿಯಲಿ ಎಂಬ ಕರುಣೆಯೇ ಅದು. ಕೆಲವು ದನ ಬದುಕಿದವು, ಕೆಲವು ಸತ್ತವು. ಸತ್ತದ್ದನ್ನು ಊರ ಹೊರಗೆ ಎಳೆದು ಹಾಕಿದೆವು. ಹದ್ದುಗಳು ಎಂದಿನಂತೆ ಬಂದು ಉಂಡವು. ಔಷಧಿ ಅವುಗಳ ಮೂತ್ರಪಿಂಡವನ್ನು ಕೆಡಿಸಿತು. ಕುತ್ತಿಗೆ ಇಳಿಬಿಟ್ಟು ಕೊಂಬೆಯ ಮೇಲೆ ಕೂತು, ಕೆಲವೇ ದಿನಗಳಲ್ಲಿ ಸತ್ತು ಬಿದ್ದವು. 1990ರ ದಶಕದ ಮೊದಲಿನಿಂದ 2007ರವರೆಗೆ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಅಳಿದವು. ಉದ್ದಕೊಕ್ಕಿನವುಗಳಲ್ಲಿ ನೂರಕ್ಕೆ ಸುಮಾರು 97. ಕೆರೆಯಂಚಿನಲ್ಲಿ ಹೆಣ ಕೊಳೆತವು. ಬೀದಿನಾಯಿ ಹೆಚ್ಚಿದವು. ದಿನವೂ ನಮ್ಮ ಮೈಲಿಗೆಯನ್ನು ಯಾರು ತೊಳೆಯುತ್ತಿದ್ದರು ಎಂಬುದು ಆಗ ತಿಳಿಯಿತು.

ಸಾವಿಗೆ ಕಾರಣ ಹುಡುಕಿ 2004ರಲ್ಲಿ ಲೋಕಕ್ಕೆ ತಿಳಿಸಿದವರನ್ನು ಹರಸು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಲ್ಲಿಸಿದವರನ್ನು ಹರಸು. ಆದರೂ ಮನುಷ್ಯರಿಗೆಂದು ಮಾಡಿದ ಅದೇ ಔಷಧಿಯ ದೊಡ್ಡ ಸೀಸೆ ಕೊಟ್ಟಿಗೆಗೆ ಹೋಗುತ್ತಿತ್ತು. 2015ರಲ್ಲಿ ಅದನ್ನು 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ ದನಗಳಿಗೆ ಬೇಡವೆಂದರು. ಹರಿಯಾಣದ ಪಿಂಜೋರಿನಲ್ಲಿ ಜಟಾಯುವಿನ ಹೆಸರಲ್ಲೇ ಒಂದು ಕೇಂದ್ರವಿದೆ. ಅಲ್ಲಿ ಮೊಟ್ಟೆಯೊಡೆದ ಮರಿಗಳು ಬೆಳೆದು ಬಯಲಿಗೆ ಹಾರಿವೆ. ಅಲ್ಲಿ ಮೊಟ್ಟೆ ಕಾಯುವ ಕೈಗಳನ್ನು ಕಾಪಾಡು.

ಈಗ ನನ್ನ ಬೇಡಿಕೆ ಹೇಳುತ್ತೇನೆ. ನಾನು ಚಿಕ್ಕವನು, ಬೇಡುವುದೂ ಚಿಕ್ಕದೇ. ಹೊಲಸನ್ನು ಮುಟ್ಟಿ ಊರನ್ನು ಶುದ್ಧವಾಗಿಡುವವರನ್ನು ಕಂಡು ಮೂಗು ಮುಚ್ಚಿಕೊಳ್ಳದ ಮನಸ್ಸು ಕೊಡು, ಹಕ್ಕಿಯಾಗಲಿ, ಮನುಷ್ಯರಾಗಲಿ. ಅನ್ಯಾಯದ ಕೂಗು ಕೇಳಿದಾಗ ವಯಸ್ಸಾಯಿತು, ಬಲವಿಲ್ಲ ಎಂಬ ನೆಪ ನನ್ನ ಬಾಯಿಗೆ ಬಾರದಿರಲಿ. ಗೆಲ್ಲದಿದ್ದರೂ ಅಡ್ಡ ನಿಲ್ಲುವ ಜಟಾಯುವಿನ ಕೆಚ್ಚಿನಲ್ಲಿ ಒಂದು ಕಣ ನನಗೂ ಸಿಗಲಿ. ನಾನು ಕಂಡ ನಿಜವನ್ನು ಹುಡುಕುವವರಿಗೆ ತಲುಪಿಸುವಷ್ಟು ಉಸಿರು ಕೊನೆಯವರೆಗೂ ಉಳಿಯಲಿ.

ಇನ್ನೊಂದು ಮಾತು, ತಂದೆ. ಮೆಲಾಕ್ಸಿಕಾಮ್ ಎಂಬ ಔಷಧಿ ಇದೆ. ದನದ ನೋವನ್ನೂ ಇಳಿಸುತ್ತದೆ, ಹದ್ದಿಗೂ ಕೇಡು ಮಾಡುವುದಿಲ್ಲ. ಇದು ಹಟ್ಟಿ ಹಟ್ಟಿಗೂ ತಿಳಿಯಲಿ. ಹಸು ಮಲಗಿದ ದಿನ, ಡಾಕ್ಟರು ಚೀಲ ಬಿಚ್ಚುವಾಗ, ದನ ಸಾಕಿದವರ ಬಾಯಲ್ಲಿ ಈ ಮಾತನ್ನು ನೀನೇ ಆಡಿಸು: "ಡಾಕ್ಟ್ರೇ, ಹದ್ದಿಗೆ ವಿಷವಾಗದ ಔಷಧಿ ಕೊಡಿ."