ನಿದ್ರೆಯ ದಾಸೋಹ

ಕಾರ್ಕಳ, ಕಾಪು ಕಡೆಗಳಿಂದ ಅಪಸ್ಮಾರಪೀಡಿತ ಶಿಶುವನ್ನು ಮಣಿಪಾಲದ ಆಸ್ಪತ್ರೆಗೆ ಕೊಂಡೊಯ್ಯುವ ತಾಯಿಯನ್ನು ಬಂಧುಗಳು “ಇದು ಯಾರ ಕರ್ಮಫಲ?” ಎಂದು ಕೇಳುವುದುಂಟು. ಕರ್ಮವನ್ನು ತೂಗುವುದು ಶಿವನ ಕೆಲಸ. ನೆರೆಯವನ ಕೆಲಸ ನೆರವಾಗುವುದು.

ಇದು ಮಿದುಳಿನ ವ್ಯಾಧಿ. ಚರಕಸಂಹಿತೆಯೂ ಇದಕ್ಕೆ ಚಿಕಿತ್ಸಾಸ್ಥಾನದಲ್ಲಿ ಅಧ್ಯಾಯವನ್ನು ಕೊಟ್ಟಿದೆ. ತಕ್ಕ ಎರಡು ಔಷಧಗಳಿಗೂ ಬಗ್ಗದಿದ್ದರೆ ವೈದ್ಯರು ಇದನ್ನು ದುಃಸಾಧ್ಯವೆಂದು ಎಣಿಸುತ್ತಾರೆ. ಸುಮಾರು ಮೂವರು ರೋಗಿಗಳಲ್ಲಿ ಒಬ್ಬರ ಪಾಡು ಇದು. ಆಗಲೂ ಕೆಲವರಿಗೆ ಶಸ್ತ್ರಚಿಕಿತ್ಸೆ, ವಿಶೇಷ ಪಥ್ಯಾಹಾರಗಳ ದಾರಿಯುಂಟು. ಹಿಂದೂ ವಿವಾಹ ಕಾಯಿದೆಯೇ 1999ರಲ್ಲಿ ಅಪಸ್ಮಾರವನ್ನು ಅನರ್ಹತೆಗಳಿಂದ ತೆಗೆದುಹಾಕಿತು. ಇಷ್ಟಲಿಂಗವನ್ನು ಧರಿಸಿದ ಕೂಸಿನ ಕಾಯವನ್ನು ದೇಗುಲವೆಂದು ನಂಬಿದವರು ಅದನ್ನು ಭೂತಗ್ರಸ್ತವೆನ್ನಬಹುದೆ?

ಸೆಳೆತ ಯಾವಾಗ ಬಂದೀತೋ ಎಂದು ಇರುಳೆಲ್ಲ ಕಾಯುವ ತಾಯಿಗೆ ಉಪದೇಶಕ್ಕಿಂತ ನಿದ್ರೆ ಬೇಕಾಗಿದೆ. ಹಸಿದವನಿಗೆ ಅನ್ನವಿಕ್ಕುವುದು ದಾಸೋಹವಾದರೆ, ನಿದ್ರೆಗೆಟ್ಟವಳ ಬದಲಿಗೆ ಒಂದು ರಾತ್ರಿ ಎಚ್ಚರವಿರುವುದೂ ದಾಸೋಹವೇ. ಸೆಳೆತ ಬಂದಾಗ ಮಗುವನ್ನು ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ಏನನ್ನೂ ಹಾಕಬಾರದು, ಕೈಗೆ ಕಬ್ಬಿಣ ಕೊಡುವುದು ವ್ಯರ್ಥ. ಗಡಿಯಾರವನ್ನು ನೋಡುತ್ತಿದ್ದು, 5 ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಭಕ್ತರು ಇಷ್ಟನ್ನು ಕಲಿತು ಆ ಮನೆಯ ಬಾಗಿಲಿಗೆ ಹೋಗಲಿ.